ಈ ಪಾಠ ಇನ್ನೂ ಆಗಿಲ್ಲ

ಹೋದ ಮೇ ತಿಂಗಳಲ್ಲಿ ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನನಗಾದ ಮುಖಭಂಗದಿಂದಲೇ ಶುರು ಮಾಡುತ್ತೇನೆ. ಪುಣೆಯಿಂದ ರಾತ್ರಿ ಹೊರಟು ಬೆಳಿಗ್ಗೆ ಹುಬ್ಬಳ್ಳಿಗೆ ಬಂದಿದ್ದೆವು. ಅಲ್ಲಿಂದ ಲಕ್ಷ್ಮೇಶ್ವರದ ಬಸ್ಸು ಹಿಡಿಯಬೇಕಿತ್ತು. ನಾನು ಬ್ಯಾಗುಗಳ ಹತ್ತಿರ ನಿಂತು ಹತ್ತು ವರ್ಷದ ಮಗಳಿಗೆ ಹೇಳಿದೆ: "ಲಕ್ಷ್ಮೇಶ್ವರದ ಬಸ್ ಬಂದದೇನು ನೋಡವಾ, ಬೋರ್ಡ್ ಓದಿಕೊಂಡು ಬಾ." ಅವಳು ಸಾಲಾಗಿ ನಿಂತ ಬಸ್ಸುಗಳ ಮುಂದೆ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬಂದಳು. "ಇಲ್ಲಪ್ಪ, ಬಂದಿಲ್ಲ" ಅಂದಳು. ಬಸ್ಸು ಬಂದು ನಿಂತಿತ್ತು. ಅವಳು ಅದರ ಮುಂದೆಯೇ ಎರಡು ಸಲ ಹಾದು ಹೋಗಿದ್ದಳು. ನಾನು ಕರೆದುಕೊಂಡು ಹೋಗಿ ಬೋರ್ಡಿನ ಕಡೆ ಕೈ ಮಾಡಿದೆ. ಅವಳು 'ಲ' ಎಂದಳು. ಮುಂದಿನ ಅಕ್ಷರ ನೋಡಿ ನಿಂತಳು. ಆಮೇಲೆ ಒಂದಿಷ್ಟೂ ಅಳುಕಿಲ್ಲದೆ ಹೇಳಿದಳು: "ಅಪ್ಪಾ, ಇದು ನಮಗ ಇನ್ನೂ ಆಗಿಲ್ಲ."

ಆಗಿಲ್ಲ ಅಂದರೆ ಪಾಠ ಆಗಿಲ್ಲ. ಕಕಾರಕ್ಕೆ ಷ ಒತ್ತು, ಅದರ ಕೆಳಗೆ ಮ ಒತ್ತು, ಮೇಲೆ ದೀರ್ಘ ಬರುವ ಪಾಠ ಮೂರನೇ ವರ್ಷದ ಹಾಳೆಗಳಲ್ಲಿದೆ. ಅವಳಿನ್ನೂ ಎರಡನೇ ವರ್ಷ ಮುಗಿಸಿದ್ದಳು. ಮೊದಲ ದರ್ಜೆಯಲ್ಲಿ ಮುಗಿಸಿದ್ದಕ್ಕೆ ಪ್ರಮಾಣಪತ್ರವೂ ಇದೆ, ನಮ್ಮ ಮನೆಯ ಗೋಡೆಯ ಮೇಲೆ ತೂಗುಹಾಕಿದ್ದೇವೆ. ಅದಕ್ಕೆ ಸಹಿ ಹಾಕಿದವನು ನಾನು. ವಾಕಡ್‌ನ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಒಂದು ಗಂಟೆ ಕನ್ನಡ ಕಲಿಸುವ ಮೇಷ್ಟ್ರು ನಾನೇ. ಆ ಹಾಳೆಗಳನ್ನು ತಯಾರಿಸಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ಇಲ್ಲಿ ಯಾರನ್ನಾದರೂ ಬೈಯುವುದಿದ್ದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಆದರೆ ಬೈಗುಳ ನನ್ನೊಬ್ಬನಲ್ಲಿಗೇ ನಿಲ್ಲಬಾರದು. ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆ ನಮ್ಮಂಥವರು ಒಳ್ಳೆಯ ಮನಸ್ಸಿನಿಂದ, ಸಂಬಳವಿಲ್ಲದೆ, ರಜೆಯ ದಿನ ಬಿಟ್ಟುಕೊಟ್ಟು ಕನ್ನಡ ತರಗತಿ ನಡೆಸುತ್ತಿದ್ದೇವೆ. ಅವುಗಳಲ್ಲಿ ನಾನು ಕಂಡ ಹೆಚ್ಚಿನವು ಒಂದೇ ತಪ್ಪು ಮಾಡುತ್ತಿವೆ. ನಾವು ಕನ್ನಡ ಓದುವುದನ್ನು ಕಲಿಸುತ್ತಿಲ್ಲ, ಕನ್ನಡವೆಂಬ ಸಬ್ಜೆಕ್ಟನ್ನು ಕಲಿಸುತ್ತಿದ್ದೇವೆ. ಮಗು ಕ್ಲಬ್‌ಹೌಸಿನ ಬಾಗಿಲು ದಾಟುವಾಗ ಕನ್ನಡವನ್ನು ಚಪ್ಪಲಿಯ ಹಾಗೆ ಅಲ್ಲೇ ಬಿಟ್ಟು ಬರುತ್ತದೆ.

ಅದೇ ಮಗಳು ಮರಾಠಿ ಓದುವುದನ್ನು ನೋಡಬೇಕು. 2020ರ ಕಾನೂನು ಬಂದ ಮೇಲೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಹಾಗಾಗಿ ಶಾಲೆಯಲ್ಲಿ ಪಾಠ ಉಂಟು. ಆದರೆ ಅವಳು ಓದಲು ಕಲಿತದ್ದು ಶಾಲೆಯಲ್ಲಿ ಮಾತ್ರ ಅಲ್ಲ. ಪುಣೆಯ ಮೂಲೆಮೂಲೆಯಲ್ಲಿರುವ ಚಹಾದ ಅಂಗಡಿಗಳ ಮೇಲೆ 'ಅಮೃತತುಲ್ಯ' ಅಂತ ಬರೆದಿರುತ್ತದಲ್ಲ, ಆ ಶಬ್ದದ ಋಕಾರವನ್ನೂ ಲ್ಯ ಒತ್ತನ್ನೂ ಯಾವ ಟೀಚರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಸ್ಕೂಟರ್ ಮೇಲೆ ನನ್ನ ಹಿಂದೆ ಕೂತು, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನೋಡಿ ನೋಡಿ ಒಂದು ದಿನ ಓದಿಬಿಟ್ಟಳು. ಇನ್ನು ಪುಣೆಯ ಪ್ರಸಿದ್ಧ 'ಪುಣೇರಿ ಪಾಟಿ'ಗಳು ಇದ್ದೇ ಇವೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡುತ್ತೇವೆ, ಬೆಲ್ ಒಂದೇ ಸಲ ಒತ್ತಿ, ಮಧ್ಯಾಹ್ನ ಒಂದರಿಂದ ನಾಲ್ಕು ಯಾರೂ ಬರಬೇಡಿ, ಇಂಥ ಕಟುಕಿನ ಬೋರ್ಡುಗಳು. ಸದಾಶಿವ ಪೇಟೆಯ ಗಲ್ಲಿಗಳಲ್ಲಿ ಅವನ್ನು ಹುಡುಕಿ ಓದಿ ನಗುವುದೇ ಅವಳಿಗೂ ಅವಳ ಗೆಳತಿಗೂ ಒಂದು ಆಟ. ನಗು ಬರಬೇಕಾದರೆ ಅರ್ಥ ಆಗಬೇಕು, ಅರ್ಥ ಆಗಬೇಕಾದರೆ ಓದಲೇಬೇಕು. ಅಲ್ಲಿ "ಈ ಪಾಠ ಆಗಿಲ್ಲ" ಎಂಬ ಮಾತೇ ಬರುವುದಿಲ್ಲ.

ನಮ್ಮ ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು. 'ಅರ್ಥಮಾಡಿಕೊಂಡು' ಎಂಬ ಶಬ್ದ ಅಲ್ಲಿ ಸುಮ್ಮನೆ ಬಂದು ಕೂತಿಲ್ಲ. ಆ ಅಳತೆಯಲ್ಲಿ ನನ್ನ ಮಗಳು ಮರಾಠಿಯಲ್ಲಿ ಸಾಕ್ಷರೆ, ಇಂಗ್ಲಿಷಿನಲ್ಲಿ ಸಾಕ್ಷರೆ. ಕನ್ನಡದಲ್ಲಿ ಪ್ರಮಾಣಪತ್ರ ಪಡೆದ ನಿರಕ್ಷರಿ.

ವ್ಯತ್ಯಾಸ ಎಲ್ಲಿದೆ? ಮರಾಠಿಗೆ ಇಲ್ಲಿ ಶಾಲೆಯೂ ಇದೆ, ಬೀದಿಯೂ ಇದೆ. ಶಾಲೆ ಬಿಟ್ಟದ್ದನ್ನು ಬೀದಿ ತುಂಬಿಕೊಡುತ್ತದೆ. ಕನ್ನಡಕ್ಕೆ ಪುಣೆಯಲ್ಲಿ ಬೀದಿ ಇಲ್ಲ. ಹಾಗಿದ್ದ ಮೇಲೆ ವಾರಕ್ಕೊಂದೇ ಗಂಟೆ ಕೈಯಲ್ಲಿರುವ ನಾವು ಕಟ್ಟಬೇಕಾದದ್ದು ಏನನ್ನು? ಬೀದಿಯನ್ನು. ಕಟ್ಟಿದ್ದೇನು? ಇನ್ನೊಂದು ಶಾಲೆಯನ್ನು. ಅದೂ ಎಂಥ ಶಾಲೆ? ನಾವು ನಲವತ್ತು ವರ್ಷದ ಹಿಂದೆ ಕೂತೆದ್ದು ಬಂದ ಶಾಲೆ.

ನಮ್ಮ ಹಾಳೆಗಳ ಕತೆ ಕೇಳಿ. ಮೊದಲ ಭಾನುವಾರ ಅ, ಆ. ಹೀಗೆ 49 ಅಕ್ಷರ ಮುಗಿಯುವ ಹೊತ್ತಿಗೆ ದೀಪಾವಳಿ, ಕ್ರಿಸ್‌ಮಸ್ ರಜೆಗಳೆಲ್ಲ ಕಳೆದಿರುತ್ತವೆ. ಆಮೇಲೆ ಕಾಗುಣಿತ. 34 ವ್ಯಂಜನ, ಒಂದೊಂದಕ್ಕೆ 15 ರೂಪ, ಒಟ್ಟು 510. ನನ್ನ ವಿದ್ಯಾರ್ಥಿಗಳು 'ಞೌ' ಬರೆದಿದ್ದಾರೆ, 'ಙೈ' ಬರೆದಿದ್ದಾರೆ, ಒಂದೊಂದನ್ನು ಹತ್ತತ್ತು ಸಲ ಬರೆದಿದ್ದಾರೆ. ಜನ್ಮದಲ್ಲಿ ಒಮ್ಮೆಯೂ ಯಾವ ಶಬ್ದದಲ್ಲೂ ಎದುರಾಗದ ಅಕ್ಷರಗಳಿಗೆ ನಾನು ಸರಿ ಗುರುತು ಹಾಕಿದ್ದೇನೆ. 'ಊಟ ಆಯ್ತಾ' ಎಂಬ ಎರಡು ಶಬ್ದ ಓದಲು ಬೇಕಾದ ಯ್ತಾ ಬರುವುದು ಮಾತ್ರ ಎರಡನೇ ವರ್ಷದ ಕೊನೆಗೆ. ಅಷ್ಟರಲ್ಲಿ ಅರ್ಧ ಮಕ್ಕಳು ಚೆಸ್ ಕ್ಲಾಸಿಗೋ ಈಜಿಗೋ ಹೋಗಿರುತ್ತಾರೆ. ನಾವು 'ಮಕ್ಕಳಿಗೆ ಆಸಕ್ತಿ ಇಲ್ಲ' ಎಂದು ಹೇಳಿಕೊಂಡು ಸಮಾಧಾನಪಡುತ್ತೇವೆ.

ತಮಾಷೆಯೆಂದರೆ ಊರಿನ ಸರ್ಕಾರಿ ಶಾಲೆಯೇ ಈ ದಾರಿಯನ್ನು ಯಾವಾಗಲೋ ಬಿಟ್ಟಿದೆ. ಕರ್ನಾಟಕದ ನಲಿ-ಕಲಿಯಲ್ಲಿ ಮಗು ಅ ಆ ಇ ಈ ಎಂದು ಶುರು ಮಾಡುವುದಿಲ್ಲ, ರ ಗ ಸ ದ ಅ ಎಂದು ಶುರು ಮಾಡುತ್ತದೆ. ಯಾಕೆಂದರೆ ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಇಷ್ಟೂ ಓದಬಹುದು. ಐದು ಅಕ್ಷರ ಕಲಿತ ದಿನವೇ ಮಗು ಓದುಗ. ನಾವು ಊರಿನ ಶಾಲೆಗಳ ಸ್ಥಿತಿ ಕಂಡು ಮರುಗುತ್ತ, ಆ ಶಾಲೆಗಳು ಕೈಬಿಟ್ಟ ಹಳೆಯ ಪದ್ಧತಿಯನ್ನು ಪುಣೆಯಲ್ಲಿ ಪೂಜೆ ಮಾಡುತ್ತಿದ್ದೇವೆ. ಪರದೇಶಿಗಳ ಪಾಡೇ ಇಷ್ಟು. ಊರು ಬಿಟ್ಟ ವರ್ಷದಲ್ಲಿ ನಮ್ಮ ಗಡಿಯಾರ ನಿಂತಿರುತ್ತದೆ.

ಆದರೆ ಅಕ್ಷರಗಳ ಕ್ರಮ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ನಿಜವಾದ ರೋಗ ಬೇರೆ. ನಮ್ಮ ತರಗತಿಯಲ್ಲಿ ಬರೆದದ್ದು ಯಾರಿಗೂ ತಲುಪುವುದಿಲ್ಲ. ಅಲ್ಲಿ ಓದಿದ್ದರಿಂದ ಯಾವ ಕೆಲಸವೂ ಆಗುವುದಿಲ್ಲ.

ಇದಕ್ಕೆ ಸಾಕ್ಷಿಯಾಗಿ ಒಂದು ಪತ್ರದ ಕತೆ ಹೇಳುತ್ತೇನೆ. ಎರಡನೇ ವರ್ಷದಲ್ಲಿ 'ಅಜ್ಜಿಗೆ ಒಂದು ಪತ್ರ' ಎಂದು ಒಂದು ಅಭ್ಯಾಸ ಕೊಟ್ಟಿದ್ದೆ. ನನ್ನ ಮಗಳು ಬರೆದಳು. ಅವಳಿಗೆ ಬರುತ್ತಿದ್ದ ಅಕ್ಷರಗಳಲ್ಲೇ ಆರು ಸಾಲು. 'ಅಜಿ ನೀ ಯಾವಾಗ ಬರತಿ' ಎಂದು ಮೊದಲ ಸಾಲು. ತನ್ನ ಮುರಿದ ಹಲ್ಲಿನ ಸುದ್ದಿ, ಬಾಲ್ಕನಿಯ ಪಾರಿವಾಳದ ಸುದ್ದಿ, ಬರುವಾಗ ಕರದಂಟು ತಾ ಎಂಬ ಬೇಡಿಕೆ. ಮೇಷ್ಟ್ರಾದ ನಾನು ಕೆಂಪು ಪೆನ್ನು ತೆಗೆದುಕೊಂಡೆ. 'ಅಜಿ'ಗೆ ಜ ಒತ್ತು ಕೊಟ್ಟೆ, ಅದು ಸರಿಯೇ. ಅಷ್ಟಕ್ಕೆ ನಿಲ್ಲಲಿಲ್ಲ. 'ನೀ' ಹೊಡೆದು 'ನೀವು' ಮಾಡಿದೆ. 'ಬರತಿ' ಹೊಡೆದು 'ಬರುತ್ತೀರಿ' ಮಾಡಿದೆ. ಮೇಲ್ಗಡೆ 'ತೀರ್ಥರೂಪ ಸಮಾನರಾದ' ಎಂದು ಸೇರಿಸಿದೆ, ಬಲಗಡೆ ದಿನಾಂಕ, ಸ್ಥಳ ಬರೆಸಿದೆ. ಹತ್ತಕ್ಕೆ ಆರು ಅಂಕ ಕೊಟ್ಟೆ. ಪತ್ರ ಫೈಲು ಸೇರಿತು. ವಾರ್ಷಿಕೋತ್ಸವದ ದಿನ ಆ ಫೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆವು, ಪಾಲಕರು ಫೋಟೋ ತೆಗೆದುಕೊಂಡರು.

ಆ ಪತ್ರ ನನ್ನ ಅವ್ವನಿಗೆ ಹೋಗಲಿಲ್ಲ. ಕಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವ್ವ ಓದು ಬಾರದವಳಲ್ಲ. ಮುಲ್ಕಿ ಪರೀಕ್ಷೆ ಪಾಸಾದವಳು, ದಿನಾ ಪೇಪರ್ ಓದುವವಳು. ಪೋಸ್ಟ್‌ಕಾರ್ಡಿಗೆ 50 ಪೈಸೆ. ಒಂದು ಮಗು, ತನ್ನ ಜೀವನದಲ್ಲಿ ಮೊದಲ ಸಲ, ಕನ್ನಡದಲ್ಲಿ ಒಬ್ಬ ವ್ಯಕ್ತಿಗೆ ಹೇಳಲು ಏನನ್ನೋ ಇಟ್ಟುಕೊಂಡು ಬರೆದಿತ್ತು. ಅದಕ್ಕೆ ನಾನು ಕೊಟ್ಟ ಉತ್ತರ ಹತ್ತಕ್ಕೆ ಆರು. ಕನ್ನಡ ಎಂದರೆ ಮೇಷ್ಟ್ರಿಗೆ ಬರೆದು ತೋರಿಸುವ ವಸ್ತು, ಬೇಕಾದವರಿಗೆ ಬರೆದು ಕಳಿಸುವ ವಸ್ತು ಅಲ್ಲ ಎಂಬ ಪಾಠ ಅವಳಿಗೆ ಆ ದಿನ ಆಯಿತು. ಅದೊಂದು ಪಾಠ ಮಾತ್ರ ಬಹಳ ಚೆನ್ನಾಗಿ ಆಯಿತು.

ಇನ್ನು ಆ 'ನೀ' ಹೊಡೆದು ಹಾಕಿದ ವಿಚಾರ. ನಮ್ಮ ಮನೆಯಲ್ಲಿ ಅಜ್ಜಿಗೆ ಯಾರೂ ನೀವು ಎನ್ನುವುದಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಎಣಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು. ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ಕನ್ನಡದಲ್ಲಿ ಎಂದು ಪಂಪ ಹೆಮ್ಮೆಯಿಂದ ಹೇಳಿಕೊಂಡ. ಸಾವಿರ ವರ್ಷದ ಹಿಂದೆ ಕನ್ನಡದ ಅಳತೆಗೋಲಾಗಿದ್ದ ಊರಿನ ಅಜ್ಜಿಯ ಮಾತನ್ನು, ಆ ಊರಿನವನೇ ಆದ ನಾನು, ಪುಣೆಯ ಕ್ಲಬ್‌ಹೌಸಿನಲ್ಲಿ ಕೂತು ಅಶುದ್ಧ ಎಂದು ತಿದ್ದಿದೆ. ಕುಂದಾಪುರದ ಮಗುವಿಗೂ ಮಂಡ್ಯದ ಮಗುವಿಗೂ ಇದನ್ನೇ ಮಾಡಿದ್ದೇನೆ. ಮನೆಯಲ್ಲಿ ಕೇಳುವ ಕನ್ನಡ ಒಂದು, ಹಾಳೆಯ ಮೇಲಿನ ಕನ್ನಡ ಇನ್ನೊಂದು ಎಂದಾದರೆ ಮಗು ಎರಡನ್ನೂ ಬಿಡುತ್ತದೆ. ಪುಸ್ತಕದ ಕನ್ನಡ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಎರಡನೇ ಮೆಟ್ಟಿಲು. ಮೊದಲನೆಯದನ್ನು ಒಡೆದು ಎರಡನೆಯದನ್ನು ಹತ್ತು ಎನ್ನುವುದು ಯಾವ ನ್ಯಾಯ?

ಇದನ್ನು ಕಂಡುಕೊಂಡವರಲ್ಲಿ ನಾನು ಮೊದಲಿಗನೇನಲ್ಲ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ ಪಠ್ಯಪುಸ್ತಕ ಪಕ್ಕಕ್ಕಿಟ್ಟು, ಒಂದೊಂದು ಮಗುವನ್ನೂ ಕರೆದು 'ನಿನಗೆ ಯಾವ ಶಬ್ದ ಬೇಕು' ಎಂದು ಕೇಳುತ್ತಿದ್ದಳು. ಮಗು ಹೇಳಿದ ಶಬ್ದವನ್ನು ದಪ್ಪ ಕಾರ್ಡಿನ ಮೇಲೆ ಬರೆದು ಅದರ ಕೈಗೇ ಕೊಡುತ್ತಿದ್ದಳು. ಭೂತ, ಮುತ್ತು, ಅಮ್ಮ, ಇಂಥ ಶಬ್ದಗಳು ಬರುತ್ತಿದ್ದವು. ಮರುದಿನ ಮಗು ಗುರುತಿಸದ ಕಾರ್ಡನ್ನು ತೆಗೆದುಬಿಡುತ್ತಿದ್ದಳು, ಅದು ಆ ಮಗುವಿಗೆ ನಿಜವಾಗಿ ಬೇಕಾದ ಶಬ್ದವಲ್ಲ ಎಂದು. 1963ರಲ್ಲಿ ಅವಳ 'ಟೀಚರ್' ಪುಸ್ತಕ ಬಂತು. ಅಮೆರಿಕದ ಶರ್ಲಿ ಬ್ರೈಸ್ ಹೀತ್ 1983ರಲ್ಲಿ ಪ್ರಕಟಿಸಿದ 'ವೇಸ್ ವಿತ್ ವರ್ಡ್ಸ್' ಇನ್ನೂ ಹತ್ತಿರದ ಕತೆ. ಅಲ್ಲಿನ ಕರಿಯ ಕಾರ್ಮಿಕರ ಒಂದು ಬಡಾವಣೆಯ ಮಕ್ಕಳು ಶಾಲೆಗೆ ಹೋಗುವ ಮೊದಲೇ ಅಂಗಡಿಯ ಬೆಲೆಚೀಟಿ, ಮನೆ ನಂಬರು, ಸಾಮಾನಿನ ಡಬ್ಬಿಯ ಹೆಸರು ಓದುತ್ತಿದ್ದರು. ದೊಡ್ಡವರು ಬಂದ ಪತ್ರವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಎಲ್ಲರೂ ಚರ್ಚಿಸುತ್ತಿದ್ದರು. ಶಾಲೆ ಇದನ್ನು ಓದು ಎಂದೇ ಲೆಕ್ಕಕ್ಕೆ ಹಿಡಿಯಲಿಲ್ಲ, ಮಕ್ಕಳು ಹಿಂದೆ ಬಿದ್ದರು. ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಕಟ್ಟೆ. ಒಬ್ಬ ಪೇಪರ್ ಓದುತ್ತಿದ್ದ, ಹತ್ತು ಜನ ಕೇಳಿ ಜಗಳಾಡುತ್ತಿದ್ದರು. ನಾನು ಓದುವುದನ್ನು ಕಲಿತದ್ದು ಅರ್ಧ ಅಲ್ಲಿಯೇ.

ನಮ್ಮ ಸಂಘದ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಬಂದ ಆಕ್ಷೇಪಗಳಿಗೂ ಉತ್ತರ ಕೊಡಬೇಕು.

"ಮೊದಲು ಅಕ್ಷರ ಗಟ್ಟಿಯಾಗಲಿ, ಉಳಿದದ್ದು ತಾನಾಗಿ ಬರುತ್ತದೆ" ಎಂದರು ಒಬ್ಬರು. ಊರಿನಲ್ಲಿ ತಾನಾಗಿ ಬರುತ್ತದೆ, ಒಪ್ಪುತ್ತೇನೆ. ಅಲ್ಲಿ ಅಂಗಡಿ, ಬಸ್ಸು, ಗೋಡೆ, ಸಿನಿಮಾ ಪೋಸ್ಟರ್ ಎಲ್ಲ ಕನ್ನಡದಲ್ಲಿವೆ. ಇಲ್ಲಿ ತಾನಾಗಿ ಎಲ್ಲಿಂದ ಬರುತ್ತದೆ? ನೀರಿಲ್ಲದ ಊರಿನಲ್ಲಿ ದಡದ ಮೇಲೆ ಕೈಕಾಲು ಬಡಿಸಿ, ಈಜು ತಾನಾಗಿ ಬರುತ್ತದೆ ಎಂದ ಹಾಗೆ. ಅಕ್ಷರ ತಿದ್ದಿಸುವುದು ಬೇಕು. ಒತ್ತಕ್ಷರ ಕಷ್ಟ, ಅದಕ್ಕೆ ಅಭ್ಯಾಸ ಬೇಕು. ಆದರೆ 'ಲಕ್ಷ್ಮೇಶ್ವರ' ಓದಬೇಕೆಂಬ ಗರಜು ಇರುವ ಮಗುವಿಗೆ ಕ್ಷ್ಮೇ ಕಲಿಸಲು ಮೂರು ವರ್ಷ ಕಾಯಬೇಕಿಲ್ಲ, ಹತ್ತು ನಿಮಿಷ ಸಾಕು. ಬಸ್ ಬಿಡುವುದರೊಳಗೆ ನನ್ನ ಮಗಳು ಅದನ್ನು ಕಲಿತಳು. ದಾರಿಯುದ್ದಕ್ಕೂ ಬೋರ್ಡುಗಳನ್ನು ಓದಿ ನನ್ನ ತಲೆ ತಿಂದಳು.

"ನಮ್ಮ ಮಕ್ಕಳು ರಾಜ್ಯೋತ್ಸವದಲ್ಲಿ ಎಷ್ಟು ಚೆನ್ನಾಗಿ ಹಾಡುತ್ತಾರೆ, ಭಾಷಣ ಮಾಡುತ್ತಾರೆ, ಅದು ಸಾಧನೆ ಅಲ್ಲವೇ" ಎಂದರು ಇನ್ನೊಬ್ಬರು. ಹೋದ ನವೆಂಬರ್ 1ರ ಕಾರ್ಯಕ್ರಮದಲ್ಲಿ ನಾನು ಪರದೆಯ ಹಿಂದೆ ನಿಂತಿದ್ದೆ. ನಾಡಿನ ಹಿರಿಮೆಯ ಬಗ್ಗೆ ಕೈಯೆತ್ತಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ ಹುಡುಗನ ಚೀಟಿ ದೇವನಾಗರಿಯಲ್ಲಿತ್ತು. ಅವನ ಹಿಂದಿನ ಹುಡುಗಿಯದು ಇಂಗ್ಲಿಷ್ ಅಕ್ಷರದಲ್ಲಿ. ಮಕ್ಕಳದೇನೂ ತಪ್ಪಿಲ್ಲ. ಆ ಚೀಟಿ ಬರೆದುಕೊಟ್ಟವರು ಕನ್ನಡ ಮಾಧ್ಯಮದಲ್ಲಿ ಓದಿದ ಅವರ ಅಪ್ಪ ಅಮ್ಮಂದಿರು. ಮಕ್ಕಳಿಗೆ ಓದಲು ಬರುವುದಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತು. ಚಪ್ಪಾಳೆಯಿಂದ ಅದನ್ನು ಮುಚ್ಚುತ್ತಿದ್ದೇವೆ.

ಮೂರನೆಯವರು ಕೇಳಿದ್ದು ಹೆಚ್ಚು ಪ್ರಾಮಾಣಿಕ ಪ್ರಶ್ನೆ. "ಇವರು ಕನ್ನಡ ಓದಿ ಏನು ಮಾಡಬೇಕು? ಮಾತಾಡಿದರೆ ಸಾಕಲ್ಲ." ಸಾಕು ಅನ್ನಿಸುತ್ತದೆ, ಊರಿಗೆ ಹೋಗುವ ತನಕ. ನನ್ನ ಅಪ್ಪ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ ಹೆಸರು ಬದಲಿಸಲು ನಾನು ತಹಶೀಲ್ದಾರ್ ಕಚೇರಿಗೆ ಅಲೆದೆ. ಅರ್ಜಿ, ಉತಾರ, ವಾರಸಾ ಎಲ್ಲ ಕನ್ನಡದಲ್ಲಿ. ನಾನು ಓದಿಕೊಂಡೆ. ನಾಳೆ ನನ್ನ ಮಗಳು ಹೋದರೆ? ಪಕ್ಕದಲ್ಲಿ ನಿಂತ ಯಾರೋ ಓದಿ ಹೇಳಿದ್ದನ್ನು ನಂಬಿ ಸಹಿ ಮಾಡಬೇಕು. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಮುತ್ತಜ್ಜನ ಸ್ಥಿತಿಗೆ, ಎರಡು ಡಿಗ್ರಿ ಪಡೆದ ಮೇಲೆ, ಅವಳು ವಾಪಸ್ ಬಂದು ನಿಲ್ಲುತ್ತಾಳೆ. ಹೊಲ ಇಲ್ಲದವರಿಗೂ ಮನೆಯಲ್ಲಿ ಒಂದು ಹಳೆಯ ಟ್ರಂಕು ಇರುತ್ತದೆ. ಅದರಲ್ಲಿ ಅಜ್ಜನ ಲೆಕ್ಕದ ಪುಸ್ತಕ, ಅಪ್ಪ ಹಾಸ್ಟೆಲಿನಿಂದ ಬರೆದ ಕಾರ್ಡುಗಳು ಇರುತ್ತವೆ. ಅದನ್ನು ಓದುವವರಿಲ್ಲದೆ ಹೋದರೆ ರದ್ದಿಗೆ ಹಾಕುವವರು ಇದ್ದೇ ಇರುತ್ತಾರೆ.

ಹಾಗಾದರೆ ಏನು ಮಾಡಬೇಕು? ನಮ್ಮ ತರಗತಿಯಲ್ಲಿ ಜೂನ್‌ನಿಂದ ಮಾಡುತ್ತಿರುವುದನ್ನು ಹೇಳುತ್ತೇನೆ. ಇದರಲ್ಲಿ ದೊಡ್ಡ ಶೋಧವೇನೂ ಇಲ್ಲ. ಹಾಳೆಗಳನ್ನು ನಿಲ್ಲಿಸಿದ್ದೇವೆ. ಪ್ರತಿ ಮಗು ವಾರಕ್ಕೊಂದು ಕನ್ನಡದ ಕಾಗದ ಹುಡುಕಿ ತರಬೇಕು. ಲಗ್ನಪತ್ರಿಕೆ, ಬಸ್ ಟಿಕೆಟ್, ಊರಿಂದ ಬಂದ ಫರಾಳದ ಡಬ್ಬಿಗೆ ಸುತ್ತಿದ ಪೇಪರ್, ಬೀಜದ ಪೊಟ್ಟಣ, ಜಾತ್ರೆಯ ಕರಪತ್ರ, ಏನಾದರೂ ಸರಿ. ಒಂದು ಗಂಟೆ ಅದನ್ನೇ ಓದುತ್ತೇವೆ. ಒಂದು ಲಗ್ನಪತ್ರಿಕೆಯಲ್ಲಿ ತಮ್ಮದೇ ಸೋದರತ್ತೆಯ ಹೆಸರು ಹುಡುಕಲು ಮಕ್ಕಳು ಪಟ್ಟ ಪೈಪೋಟಿ ಕಾಗುಣಿತದಲ್ಲಿ ನಾನು ಯಾವತ್ತೂ ಕಂಡಿಲ್ಲ. ಅಜ್ಜಿ ಫೋನಿನಲ್ಲಿ ಕಳಿಸಿದ ಮಾತನ್ನು ಕೇಳಿ, ಅವಳು ಹೇಳಿದ ಹಾಗೆಯೇ ಬರೆಯುವುದು ಇನ್ನೊಂದು ಕೆಲಸ. 'ಹೆಸರಬ್ಯಾಳಿ' ಅಂದರೆ ಹೆಸರಬ್ಯಾಳಿ. ಪುಸ್ತಕದಲ್ಲಿ ಹೆಸರುಬೇಳೆ ಎನ್ನುತ್ತಾರೆ ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತೇವೆ, ಯಾವುದನ್ನೂ ಹೊಡೆದು ಹಾಕುವುದಿಲ್ಲ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದನ್ನು ಮೊದಲ ತಿಂಗಳೇ ಕಲಿಸುತ್ತೇವೆ. ತಿಂಗಳಿಗೊಂದು ಪೋಸ್ಟ್‌ಕಾರ್ಡ್ ಕಡ್ಡಾಯ. ಅದನ್ನು ತಿದ್ದುವಂತಿಲ್ಲ, ಡಬ್ಬಿಗೆ ಹಾಕಬೇಕು.

ಇದರಲ್ಲಿ ಪಾಲಕರ ಕೆಲಸ ಮಕ್ಕಳ ಕೆಲಸಕ್ಕಿಂತ ಕಷ್ಟದ್ದು. ನಮ್ಮ ಮನೆಗಳಲ್ಲಿ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಫ್ರಿಜ್ಜಿನ ಮೇಲಿನ ಕಿರಾಣಿ ಪಟ್ಟಿ ಇಂಗ್ಲಿಷಿನಲ್ಲಿ, ತಮ್ಮನಿಗೆ ಕಳಿಸುವ ಮೆಸೇಜು ಇಂಗ್ಲಿಷಿನಲ್ಲಿ, ಈ ಪತ್ರಿಕೆಗೆ ಕನ್ನಡದಲ್ಲಿ ಲೇಖನ ಬರೆಯುವ ನಾನು ನನ್ನ ಹೆಂಡತಿಗೆ 'ಹಾಲು ತಾ' ಎಂದು ಬರೆಯುತ್ತಿದ್ದದ್ದೂ ಇಂಗ್ಲಿಷಿನಲ್ಲೇ. ಅಪ್ಪ ಅಮ್ಮ ಕೆಲಸಕ್ಕೆ ಬಳಸದ ಅಕ್ಷರವನ್ನು ಮಗು ಕೆಲಸಕ್ಕೆ ಬಾರದ ಅಕ್ಷರ ಎಂದೇ ತಿಳಿಯುತ್ತದೆ. ಅದರ ತರ್ಕದಲ್ಲಿ ತಪ್ಪೇನಿದೆ? ಈಗ ನಮ್ಮ ಮನೆಯ ಕಿರಾಣಿ ಪಟ್ಟಿ ಮಗಳು ಬರೆಯುತ್ತಾಳೆ. ಮೊದಲ ವಾರ 'ಉಪು' ಎಂದು ಬರೆದಿದ್ದಳು. ನಾನು ಓದಲಾರದವನಂತೆ ಅಂಗಡಿಯಿಂದ ಉಪ್ಪಿಲ್ಲದೆ ಬಂದೆ. ಎರಡನೇ ವಾರ ಪ ಒತ್ತು ತಾನೇ ಬಂತು.

ಆ ಹಳೆಯ ಪತ್ರವನ್ನು ಮೇ ತಿಂಗಳಲ್ಲಿ ಊರಿಂದ ಬಂದ ಕೂಡಲೇ ಫೈಲಿನಿಂದ ತೆಗೆದು ಅವ್ವನಿಗೆ ಅಂಚೆಯಲ್ಲಿ ಕಳಿಸಿದೆವು. ವಾರದ ಮೇಲೆ ಅವ್ವನ ಫೋನ್ ಬಂತು. "ಪತ್ರ ಮುಟ್ಟಿತು. ಛಲೋ ಬರದಾಳ ಕೂಸು. ಅದರ ಮ್ಯಾಲೆ ಕೆಂಪು ಶಾಯಿಲೆ ಯಾರೋ ಗೀಚ್ಯಾರಲ್ಲೋ, ಯಾರದು ಅದು?" ನಾನು ಉತ್ತರ ಕೊಡದೆ ಫೋನನ್ನು ಮಗಳ ಕೈಗೆ ಕೊಟ್ಟೆ.

ತರಗತಿ ನಡೆಸುತ್ತಿರುವ ಗೆಳೆಯರಲ್ಲಿ, ಮಕ್ಕಳನ್ನು ಕಳಿಸುತ್ತಿರುವವರಲ್ಲಿ ಕೇಳುವುದು ಇಷ್ಟೇ. ಬರುವ ರಾಜ್ಯೋತ್ಸವಕ್ಕೆ ಒಂದು ಭಾಷಣ ಕಡಿಮೆ ಮಾಡಿ. ಆ ಹತ್ತು ನಿಮಿಷದಲ್ಲಿ ಎಲ್ಲ ಮಕ್ಕಳಿಗೂ ಒಂದೊಂದು ಪೋಸ್ಟ್‌ಕಾರ್ಡ್ ಕೊಟ್ಟು, ಅವರಿಗೆ ಬೇಕಾದವರಿಗೆ ಬರೆಯಲು ಹೇಳಿ. ತಪ್ಪುಗಳಿರಲಿ, ಬಿಡಿ. ಹೋಗುವ ದಾರಿಯಲ್ಲಿ ಅಂಚೆ ಡಬ್ಬಿ ಎಲ್ಲಿದೆ ಎಂದು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ. ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬನ್ನಿ.